ಚಿಕ್ಕ ಕಾಲುವೆಯ ನೀರು

“ಲೋ, ಅದಕ್ಕೆ ಹೆಂಗೋ ಗೊತ್ತಾಗುತ್ತೆ ಎಲ್ಲಿಗೆ ಹೋಗಬೇಕು ಅಂತ?”

ಅಕ್ಕ ಹೀಗೆ ಕೇಳಿದ್ದು ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ, ಒರಗು ಕುರ್ಚಿಯಲ್ಲಿ ಎಡಗೈ ಚಾಚಿಕೊಂಡು ಕೂತಿದ್ದಾಗ. ನರ್ಸು ದಪ್ಪ ಸಿರಿಂಜಿನಲ್ಲಿ ಕೆಂಪು ಔಷಧಿ ತಂದು, ಸಲೈನ್ ಕೊಳವೆಯ ಪಕ್ಕದ ಕವಲಿಗೆ ಸಿಕ್ಕಿಸಿ, ಗೋಡೆ ಗಡಿಯಾರ ನೋಡುತ್ತಾ ಇಷ್ಟಿಷ್ಟೇ ಒತ್ತುತ್ತಿದ್ದರು. ದಾಸವಾಳ ಹಿಂಡಿದ ನೀರಿನಂಥ ಬಣ್ಣ. ಸಲೈನಿನೊಡನೆ ಬೆರೆತು ತೆಳ್ಳಗಾಗಿ, ಕೊಳವೆಯುದ್ದಕ್ಕೂ ಗುಲಾಬಿ ಗೆರೆಯಾಗಿ ಇಳಿದು ಕೈಯೊಳಗೆ ಮಾಯವಾಗುತ್ತಿತ್ತು. “ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತೆ ಅಮ್ಮ, ಗಾಬರಿ ಆಗಬೇಡಿ” ಎಂದು ಮೊದಲೇ ಹೇಳಿದ್ದರು. ಅಕ್ಕ ಗಾಬರಿಯಾಗುವ ಪೈಕಿಯಲ್ಲ. ಬೆಳಗಿನ ರೈಲಿಗೆ ಮಾಲೂರಿನಲ್ಲಿ ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿದು, ಚಿಕಿತ್ಸೆಗೆ ಬರುವಾಗಲೂ ನನಗೆಂದು ಹಿತ್ತಲಿನ ನುಗ್ಗೆಕಾಯಿ ಹೊತ್ತು ತಂದವಳು. ಅವಳಿಗಿದ್ದದ್ದು ಅನುಮಾನ. ಕೈಗೆ ಹಾಕಿದ್ದು ಎದೆಯ ಗಂಟನ್ನು ಹುಡುಕಿಕೊಂಡು ಹೋಗುವುದಾದರೂ ಹೇಗೆ?

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ತಿರುವಿದ ನನಗೆ ಉತ್ತರ ತಿಳಿದಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಅವಳ ಮಗಳಿಗೆ ತಿಳಿದಿತ್ತು. ತಿಳಿದೂ ಸುಮ್ಮನಿದ್ದಳು.

ಈ ಹುಡುಗಿ ಹೂಡಿಯ ಹತ್ತಿರದ ನಮ್ಮ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುತ್ತಾಳೆ. ಪುಟ್ಟ ಅಣುವೊಂದು ಡಿಎನ್‌ಎಯನ್ನು ಎಲ್ಲಿ ಹಿಡಿಯುತ್ತದೆ, ಹೇಗೆ ಹಿಡಿಯುತ್ತದೆ, ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ನೆಂಟರು ಕೇಳಿದರೆ ‘ಸಾಫ್ಟ್‌ವೇರು’ ಎಂದು ಹೇಳಿ ಮುಗಿಸುತ್ತೇವೆ. ಮಹದೇವಪುರದಲ್ಲಿದ್ದುಕೊಂಡು ಹಾಗೆಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಇಲ್ಲಿನ ಗಾಜಿನ ಕಟ್ಟಡಗಳೊಳಗೆ ಏನೇನು ನಡೆಯುತ್ತದೆಂಬುದು ಹೊರಗೆ ಎಳನೀರು ಕುಡಿಯುವವರಿಗೆ ತಿಳಿಯುವುದೂ ಇಲ್ಲ. ಐಟಿಪಿಎಲ್ ಆವರಣದಲ್ಲಿ 2002ರಿಂದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಇದೆ. ಮನುಷ್ಯ ದೇಹದ ಪ್ರೋಟೀನುಗಳ ಕರಡು ನಕ್ಷೆ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಾಗ ಅದರ ಕೆಲಸದಲ್ಲಿ ದೊಡ್ಡ ಪಾಲು ಇಲ್ಲಿಯದು. ಅಷ್ಟು ವರ್ಷ ನಾನು ಆ ಗೇಟಿನ ಮುಂದೆಯೇ ಬಸ್ಸಿಗೆ ಕಾಯುತ್ತಿದ್ದೆ.

ಅಕ್ಕನಿಗೆ ಕೊಟ್ಟ ಕೆಂಪು ಔಷಧಿ ಡಾಕ್ಸೊರುಬಿಸಿನ್. ಅದರ ಅಣ್ಣ ಡೌನೊಮೈಸಿನ್. ಇಟಲಿಯ ಹಳೆಯ ಕೋಟೆಯೊಂದರ ಬಳಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದು ತಯಾರಿಸುತ್ತಿದ್ದ ಕೆಂಪು ಬಣ್ಣವೇ ಈ ವಂಶದ ಮೂಲ. ಆ ಸೀಮೆಯಲ್ಲಿ ಹಿಂದೆ ಬಾಳಿದ ‘ಡೌನಿ’ ಜನರ ನೆನಪು ಹೆಸರಿನಲ್ಲಿ ಉಳಿದುಕೊಂಡಿದೆ. ಜೀವಕೋಶದೊಳಗೆ ಹೊಕ್ಕ ಈ ಅಣು ಡಿಎನ್‌ಎಯ ಎರಡು ಮೆಟ್ಟಿಲುಗಳ ನಡುವೆ, ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟಂತೆ, ಸರಿದು ಕೂರುತ್ತದೆ. ಕೋಶ ಇಬ್ಭಾಗವಾಗುವ ಹೊತ್ತಿನಲ್ಲಿ ಡಿಎನ್‌ಎಯ ಸಿಕ್ಕು ಬಿಡಿಸಲು ಒಂದು ಕಿಣ್ವ ಬರುತ್ತದೆ. ಅದು ಕತ್ತರಿಸಿದ ಎಳೆಯನ್ನು ಮತ್ತೆ ಹೊಸೆಯದಂತೆ ಈ ಅಣು ತಡೆಯುತ್ತದೆ. ಕೋಶ ಸಾಯುತ್ತದೆ. ಗಂಟಿನ ಕೋಶವೂ ಸಾಯುತ್ತದೆ, ಕೂದಲ ಬುಡದ ಕೋಶವೂ ಸಾಯುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ, ಗೊತ್ತಾಗುವುದಿಲ್ಲ ಎಂಬುದೇ. ಎರಡನೆಯ ಸಲಕ್ಕೆ ಬರುವಷ್ಟರಲ್ಲಿ ಅಕ್ಕನ ತಲೆ ಬೋಳಾಗಿತ್ತು. ಮಗಳು ಬಾಯಿಬಿಡದೆ ನಿಂತದ್ದು ಅದಕ್ಕೇ.

ಗೊತ್ತಿಲ್ಲದ ವಸ್ತು ಸರಿಯಾದ ಜಾಗದಲ್ಲಿ ಹೇಗೆ ಕೂರುತ್ತದೆ? ಈ ಪ್ರಶ್ನೆ ನನ್ನನ್ನು ಹಿಡಿದದ್ದು ಆಮೇಲೆ, ಒಂದು ಡಿಸೆಂಬರ್ ಸಂಜೆ. ಊಟದ ಮೇಜಿನ ಮೇಲೆ ನೆನೆಸಿದ ಅವರೆಕಾಳಿನ ಬಟ್ಟಲು, ಪಕ್ಕದಲ್ಲಿ ಅವಳ ಲ್ಯಾಪ್‌ಟಾಪು. ಅಕ್ಕ, ನಾನು, ನನ್ನವಳು ಕಾಳು ಹಿತುಕುತ್ತಿದ್ದೆವು. ಹುಡುಗಿ ತೆರೆಯ ಮೇಲೆ ಡಿಎನ್‌ಎಯ ಒಂದು ತುಣುಕನ್ನು ತಿರುಗಿಸುತ್ತಿದ್ದಳು. ಕಪ್ಪು ಹಿನ್ನೆಲೆ, ನಡುವೆ ಎರಡು ಹೊಳೆಯುವ ಪಟ್ಟಿ ಹೆಣೆದುಕೊಂಡ ಸುರುಳಿ. ಸುರುಳಿಯ ಮೈಮೇಲೆ ಎರಡು ತಗ್ಗು ಸುತ್ತಿಕೊಂಡು ಹೋಗುತ್ತವೆ, ಒಂದು ಅಗಲ, ಇನ್ನೊಂದು ಇಕ್ಕಟ್ಟು. ನಾನು ಕಾಲುವೆ ಅಂದೆ. ಅವಳು ಒಪ್ಪಿಕೊಂಡಳು. ದೊಡ್ಡ ಕಾಲುವೆ, ಚಿಕ್ಕ ಕಾಲುವೆ. ಚಿಕ್ಕ ಕಾಲುವೆಯಲ್ಲಿ ಔಷಧಿಯ ಅಣು ಬಾವಲಿಯಂತೆ ಅಂಟಿಕೊಂಡಿತ್ತು.

“ಸುತ್ತ ಏನೂ ಇಲ್ವಲ್ಲೇ. ಗಾಳಿಲಿ ತೇಲ್ತಾ ಇರುತ್ತಾ ಇದು?”

“ಇಲ್ಲ ಮಾವ, ನೀರಿದೆ. ಮರೆ ಮಾಡಿರ್ತೀವಿ. ತೋರಿಸ್ಲಾ?”

ಒಂದು ಗುಂಡಿ ಒತ್ತಿದಳು. ಸುರುಳಿ ಕಾಣೆಯಾಯಿತು. ತೆರೆಯ ತುಂಬ ಕೆಂಪು-ಬಿಳಿ ಚುಕ್ಕಿ, ಮೆಟ್ರೊ ಕಂಬದ ದೀಪದಡಿಯ ಮಳೆಹುಳುಗಳ ಹಾಗೆ. ಅಷ್ಟೂ ನಡುಗುತ್ತಿತ್ತು. ನನ್ನವಳು ಕಾಳು ಹಿತುಕುವುದನ್ನು ನಿಲ್ಲಿಸಿದಳು.

ನಾನು ಲೆಕ್ಕ ಕೇಳಿದೆ, ಹಳೆಯ ಚಾಳಿ. ಆ ತುಣುಕು ಹನ್ನೆರಡು ಮೆಟ್ಟಿಲಿನದು, ಅದರಲ್ಲಿ 758 ಪರಮಾಣು. ಡೌನೊಮೈಸಿನ್ ಅಣುವಿನಲ್ಲಿ 68. ಸುತ್ತ ಸುರಿದ ನೀರಿನ ಅಣುಗಳು ನಾಲ್ಕೈದು ಸಾವಿರ, ಒಂದೊಂದರಲ್ಲೂ ಮೂರು ಪರಮಾಣು. ಜೊತೆಗೆ ಡಿಎನ್‌ಎಯ ಋಣವಿದ್ಯುತ್ತನ್ನು ಸರಿದೂಗಿಸಲು ಇಪ್ಪತ್ತೊಂದು ಸೋಡಿಯಂ. ಅಂದರೆ ಕಂಪ್ಯೂಟರಿನ ಬೆವರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೋಗುವುದು ನೀರಿಗೆ, ತೋರಿಸುವಾಗ ಅಳಿಸಿಹಾಕುವ ನೀರಿಗೆ. ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಮನೆಗಳ ಖರ್ಚಿನ ಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಟ್ಯಾಂಕರಿನವರ ದಯೆ.

“ಮತ್ಯಾಕೆ ಹಾಕೋದು ಇಷ್ಟೊಂದು? ತೆಗೆದುಬಿಟ್ರೆ ಕೆಲಸ ಬೇಗ ಆಗಲ್ವಾ?”

“ತೆಗೆದ್ರೆ ಸುಳ್ಳಾಗುತ್ತೆ ಮಾವ.”

ನೀರಿಲ್ಲದೆ ಲೆಕ್ಕ ಹಾಕುವ ಬೇಗದ ದಾರಿಯೂ ಇದೆಯಂತೆ. ಡಿಎನ್‌ಎಯನ್ನು ಕಲ್ಲಿನಂತೆ ನಿಲ್ಲಿಸಿ, ಅಣುವನ್ನು ಸಾವಿರ ಭಂಗಿಯಲ್ಲಿ ಇಟ್ಟು ನೋಡಿ, ಚೆನ್ನಾಗಿ ಕೂತದ್ದಕ್ಕೆ ಹೆಚ್ಚು ಅಂಕ ಕೊಡುವುದು. ಅದಕ್ಕೆ ಡಾಕಿಂಗ್ ಎನ್ನುತ್ತಾರೆ. ಲಕ್ಷಾಂತರ ಅಣುಗಳಲ್ಲಿ ಕಾಳು ಯಾವುದು ಜೊಳ್ಳು ಯಾವುದು ಎಂದು ಕೇರಲು ಅದು ಸಾಕು. ಹಿಡಿತದ ಗುಟ್ಟು ತಿಳಿಯಬೇಕಾದರೆ ನೀರು ಬೇಕೇ ಬೇಕು.

ಯಾಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ವಾಟ್ಸನ್ ಮತ್ತು ಕ್ರಿಕ್ ಜೋಡಿಸುರುಳಿಯ ಮಾತು ಹೇಳಿದ್ದು 1953ರಲ್ಲಿ. ಡಿಎನ್‌ಎ ಸುರುಳಿಯ ತುಣುಕೊಂದನ್ನು ಪರಮಾಣುಗಳು ಬಿಡಿಬಿಡಿಯಾಗಿ ಕಾಣುವಷ್ಟು ನಿಚ್ಚಳವಾಗಿ ತೋರಿಸಿದ ಪ್ರಬಂಧ ಬಂದದ್ದು ಇಪ್ಪತ್ತೈದು ವರ್ಷದ ಮೇಲೆ, 1978ರಲ್ಲಿ. ಬರೆದವರಲ್ಲಿ ಮೊದಲ ಹೆಸರು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ ಅವರದು, ಜೊತೆಗೆ ಕೇಂಬ್ರಿಜ್ಜಿನ ಓಲ್ಗಾ ಕೆನ್ನಾರ್ಡ್ ಮತ್ತಿತರರು. ಅವರು ನೋಡಿದ್ದು ಎ-ಟಿ-ಎ-ಟಿ ಎಂಬ ನಾಲ್ಕೇ ಅಕ್ಷರದ ತುಣುಕು. ನಾಲ್ಕೇ ಅಕ್ಷರದಲ್ಲಿ ದೊಡ್ಡ ಸುದ್ದಿ ಇತ್ತು. ಮೆಟ್ಟಿಲುಗಳು ಒಂದೇ ಅಚ್ಚಿನವಲ್ಲ, ಎ ಆದಮೇಲೆ ಟಿ ಬರುವ ಕಡೆ ಒಂದು ಬಗೆಯ ತಿರುವು, ಟಿ ಆದಮೇಲೆ ಎ ಬರುವ ಕಡೆ ಇನ್ನೊಂದು ಬಗೆ. ಮರುವರ್ಷವೇ ಆರನ್ ಕ್ಲೂಗ್ ಇವರೊಡನೆ ಸೇರಿ ಆ ಸುಳಿವಿನ ಮೇಲೆ ಒಂದು ವಾದ ಕಟ್ಟಿದರು: ಅಕ್ಷರ ಬದಲಾದರೆ ಸುರುಳಿಯ ಆಕಾರ ಬದಲಾಗುತ್ತದೆ, ಬಂದು ಹಿಡಿಯುವವರು ಓದುವುದು ಆ ಆಕಾರವನ್ನು. ಬ್ರೈಲ್ ಓದುವವರಂತೆ, ಸವರಿ.

ಮುಂದೆ ಅಮೆರಿಕದಲ್ಲಿ ರಿಚರ್ಡ್ ಡಿಕರ್‌ಸನ್ ಬಳಗ ಹನ್ನೆರಡು ಅಕ್ಷರದ ತುಣುಕನ್ನು ಹರಳುಗಟ್ಟಿಸಿ ನೋಡಿತು. ನಡುವೆ ಎ-ಎ-ಟಿ-ಟಿ ಇದ್ದ ಕಡೆ ಚಿಕ್ಕ ಕಾಲುವೆ ಇನ್ನಷ್ಟು ಇಕ್ಕಟ್ಟಾಗಿತ್ತು. ಅದರೊಳಗೆ ನೀರಿನ ಅಣುಗಳು ಸಾಲುಗಟ್ಟಿ ನಿಂತಿದ್ದವು. ಬೆನ್ನುಮೂಳೆಯ ಮಣಿಗಳ ಹಾಗೆ ಒಂದಕ್ಕೊಂದು ಕೈಹಿಡಿದು, ಅಕ್ಷರಗಳ ಅಂಚಿಗೂ ಕೈಕೊಟ್ಟು ನಿಂತ ನೀರು. ಲೋಟದ ನೀರಿಗೆ ಇಂಥ ಶಿಸ್ತಿಲ್ಲ. 1985ರಲ್ಲಿ ಅದೇ ತುಣುಕಿನ ಮೇಲೆ ನೆಟ್ರೋಪ್ಸಿನ್ ಎಂಬ ಕುಡುಗೋಲಿನಂತೆ ಬಾಗಿದ ಅಣು ಕೂತದ್ದನ್ನು ನೋಡಿದರು. ನೀರಿನ ಸಾಲು ಅಲ್ಲಿರಲಿಲ್ಲ. ನೀರು ಎಲ್ಲೆಲ್ಲಿ ಕೈಕೊಟ್ಟಿತ್ತೋ ಅಲ್ಲಲ್ಲೇ ಅಣುವಿನ ಕೈಗಳಿದ್ದವು.

ಇದೇ ಬಾಗಿದ ಜಾತಿಗೆ ಸೇರಿದ ಬೆರೆನಿಲ್ ಎಂಬ ಔಷಧಿ ನನಗೆ ಹುಡುಗನಾಗಿದ್ದಾಗಲೇ ಪರಿಚಯ, ಹೆಸರು ಮಾತ್ರ ತಿಳಿದಿರಲಿಲ್ಲ. ಉಣ್ಣೆ ಕಚ್ಚಿ ಜ್ವರ ಬಂದು ದನ ಕೆಂಪಗೆ ಉಚ್ಚೆ ಹೊಯ್ದರೆ ದನದ ಡಾಕ್ಟ್ರು ಸೈಕಲ್ಲಿನಲ್ಲಿ ಬಂದು, ಹಳದಿ ಪುಡಿ ನೀರಿನಲ್ಲಿ ಕರಗಿಸಿ ಚುಚ್ಚುತ್ತಿದ್ದರು. ರೋಗದ ಜೀವಿಯ ಡಿಎನ್‌ಎಯಲ್ಲಿ ಎ-ಟಿಗಳು ದಟ್ಟವಾಗಿರುವ ಕಡೆ, ಚಿಕ್ಕ ಕಾಲುವೆಯಲ್ಲಿ, ಆ ಹಳದಿ ಹೋಗಿ ಕೂರುತ್ತಿತ್ತು. ಅಪ್ಪ ಅದನ್ನು ‘ಅರಿಶಿನದ ಸೂಜಿ’ ಎನ್ನುತ್ತಿದ್ದ.

ಹಾಗಾದರೆ ಹಿಡಿತ ಎಂದರೆ ಏನು? ಇಬ್ಬರು ಕೈಕುಲುಕುವುದು ಎಂದುಕೊಂಡಿದ್ದೆ. ಅಲ್ಲಿರುವುದು ಮೂವರು. ಸಾಲಿನಲ್ಲಿ ಅಲುಗಾಡದೆ ನಿಂತಿದ್ದ ನೀರು ಬಿಡುಗಡೆಯಾಗಿ, ಹೊರಗಿನ ನೀರಿನಲ್ಲಿ ಬೆರೆತು ತನ್ನ ಪಾಡಿಗೆ ಓಡಾಡುತ್ತದೆ. ಆ ಬಿಡುಗಡೆಯೇ ಹಿಡಿತಕ್ಕೆ ಬಲ ಕೊಡುವ ಕಾರಣಗಳಲ್ಲಿ ಒಂದು. ಔಷಧಿ ತಾನಾಗಿ ಜಾಗ ಹುಡುಕುವುದಿಲ್ಲ. ಎಲ್ಲೆಡೆ ತಾಗುತ್ತದೆ, ಬಿಡುತ್ತದೆ, ತಾಗುತ್ತದೆ. ಎಲ್ಲಿ ನೀರು ಎದ್ದುಹೋಗಲು ತಯಾರಿದೆಯೋ, ಎಲ್ಲಿ ಅಂಚಿಗೆ ಅಂಚು ಹೊಂದುತ್ತದೆಯೋ, ಅಲ್ಲಿ ಉಳಿದುಕೊಳ್ಳುತ್ತದೆ. ಯಾವಾಗಲೂ ನೀರು ಪೂರ್ತಿ ಹೋಗಬೇಕೆಂದೂ ಇಲ್ಲ. ಡಿಬಿ921 ಎಂಬ ಅಣು ನೆಟ್ಟಗಿದೆ, ಕಾಲುವೆಯ ಬಾಗಿಗೆ ಒಪ್ಪುವುದಿಲ್ಲ. ಆದರೂ ಬಿಗಿಯಾಗಿ ಹಿಡಿಯುತ್ತದೆ. ಒಂದು ನೀರಿನ ಅಣುವನ್ನು ನಡುವೆ ಉಳಿಸಿಕೊಂಡು, ಆ ಕೊರತೆಯನ್ನು ಅದರಿಂದ ತುಂಬಿಕೊಳ್ಳುತ್ತದೆ. ದಲ್ಲಾಳಿ ಇಲ್ಲದೆ ಜಾಗ ಸಿಗುವುದಿಲ್ಲ ಎಂಬ ಮಾತನ್ನು ಮಹದೇವಪುರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನೀರು ಜಾಗ ಬಿಡುವುದು ಎಂದಾಗ ನನಗೆ 2022ರ ಸೆಪ್ಟೆಂಬರ್ ನೆನಪಾಗದೆ ಇರುವುದಿಲ್ಲ. ನಾಲ್ಕನೆಯ ತಾರೀಕಿನ ರಾತ್ರಿ ಸುರಿದ ಮಳೆಗೆ ಹೊರವರ್ತುಲ ರಸ್ತೆ ಹೊಳೆಯಾಯಿತು. ಕೋಟಿಯ ಮನೆಗಳವರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ನಮ್ಮ ಕೆಳಮನೆಯಲ್ಲಿ ಮೊಣಕಾಲುದ್ದ ನೀರು. ರಾಜಕಾಲುವೆಯ ಮೇಲೆ ಕಟ್ಟಡ ಕೂತಿತ್ತು, ನೀರಿಗೆ ಹೋಗಲು ದಾರಿಯಿರಲಿಲ್ಲ. ಚಿಕ್ಕ ಕಾಲುವೆಯಲ್ಲಿ ಔಷಧಿ ನೆಮ್ಮದಿಯಾಗಿ ಕೂರುತ್ತದೆಯೆಂದರೆ ಅಲ್ಲಿಂದ ಎದ್ದ ನೀರಿಗೆ ಸುತ್ತ ಬಯಲಿದೆ ಎಂದರ್ಥ. ಹೋಲಿಕೆ ಇಲ್ಲಿಗೆ ಸಾಕು. ರಾಜಕಾಲುವೆಯ ವಿಷಯ ತೆಗೆದರೆ ನನಗೆ ರಕ್ತದೊತ್ತಡ ಏರುತ್ತದೆ.

ಲೆಕ್ಕದ ವಿಚಾರಕ್ಕೆ ಬರೋಣ. ಮಾದರಿಯಲ್ಲಿ ಪ್ರತಿ ಪರಮಾಣುವನ್ನೂ ಉಳಿದವು ಎಳೆಯುವ, ತಳ್ಳುವ ಬಲವನ್ನು ಕೂಡಿ, ನ್ಯೂಟನ್ನನ ನಿಯಮದಂತೆ ಅದು ಮುಂದೆ ಎಲ್ಲಿರುತ್ತದೆ ಎಂದು ಕಾಣಬೇಕು. ಒಂದು ಹೆಜ್ಜೆಗೆ ಎರಡು ಫೆಮ್ಟೊಸೆಕೆಂಡು. ಹಾಗೆ 50 ಕೋಟಿ ಹೆಜ್ಜೆ ಇಟ್ಟರೆ ಒಂದು ಮೈಕ್ರೋಸೆಕೆಂಡು, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು, ಮುಗಿಯುತ್ತದೆ. ಡೌನೊಮೈಸಿನ್ ಮೆಟ್ಟಿಲ ನಡುವೆ ಸರಿಯಲು ಅದರ ನೂರಾರು, ಸಾವಿರಾರು ಪಟ್ಟು ಹೊತ್ತು ಬೇಕು. ಹಳೇ ಮದ್ರಾಸ್ ರಸ್ತೆಯಲ್ಲಿ ಬೈಯಪ್ಪನಹಳ್ಳಿ ದಾಟುವಾಗ ಸಿ-ಡ್ಯಾಕ್‌ನ ನಾಲೆಜ್ ಪಾರ್ಕ್ ಸಿಗುತ್ತದೆ. 2003ರಲ್ಲಿ ಅಲ್ಲಿ ‘ಪರಂ ಪದ್ಮ’ ಸೂಪರ್‌ಕಂಪ್ಯೂಟರ್ ಓಡುತ್ತಿತ್ತು, ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ, ದೇಶಕ್ಕೆ ಹೆಮ್ಮೆ. ಆ ಅಂಕಿಯನ್ನು ಇವತ್ತು ಮಕ್ಕಳು ಗೇಮ್ ಆಡುವ ಒಂದು ಗ್ರಾಫಿಕ್ಸ್ ಕಾರ್ಡು ಮೀರುತ್ತದೆ. ಆದರೂ ಸುಮ್ಮನೆ ಕಾದು ಕೂತರೆ ಔಷಧಿ ಒಳಹೊಗುವುದನ್ನು ನೋಡುವ ಭಾಗ್ಯ ಸಿಗುವುದು ಕಷ್ಟ.

ಅದಕ್ಕೊಂದು ಉಪಾಯವಿದೆ. ಅಣುವನ್ನು ದಾರಿಯ ಒಂದೊಂದು ತಾವಿನಲ್ಲಿ ಸಡಿಲವಾಗಿ ಕಟ್ಟಿಹಾಕಿ, ಅಲ್ಲಿ ಅದು ಎಷ್ಟು ಮಿಸುಕುತ್ತದೆ ನೋಡಿ, ಪಕ್ಕಪಕ್ಕದ ತಾವುಗಳ ಲೆಕ್ಕವನ್ನು ಒಂದರ ಮೇಲೊಂದು ಬರುವಂತೆ ಹೊಲಿದು, ಇಡೀ ದಾರಿಯ ಏರಿಳಿತದ ನಕ್ಷೆ ಬರೆಯುವುದು. ಟೊರಿ ಮತ್ತು ವಾಲೊ ಎಂಬಿಬ್ಬರು 1977ರಲ್ಲಿ ಕೊಟ್ಟ ಈ ವಿಧಾನಕ್ಕೆ ‘ಅಂಬ್ರೆಲಾ’ ಎಂದೇ ಹೆಸರು. ನೀರೊಳಗೆ ಕೊಡೆ! ನನ್ನವಳು ನಕ್ಕಳು.

ಈ ಕೊಡೆ ಹಿಡಿದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಬಿಮನ್ ಬಾಗ್ಚಿ, ಅವರೊಡನೆ ಅರ್ಣಬ್ ಮುಖರ್ಜಿ, ರಿಚರ್ಡ್ ಲಾವೆರಿ, ಜೇಮ್ಸ್ ಹೈನ್ಸ್, 2008ರಲ್ಲಿ ಡೌನೊಮೈಸಿನ್ನಿನ ದಾರಿ ಬರೆದರು. ಹನ್ನೆರಡು ಮೆಟ್ಟಿಲಿನ ಡಿಎನ್‌ಎ, ಒಂದು ಅಣು. ಅವರಿಗೆ ಕಂಡದ್ದು ಹೀಗೆ. ಅಣು ನೇರ ನುಗ್ಗುವುದಿಲ್ಲ. ಮೊದಲು ಬಂದು ಚಿಕ್ಕ ಕಾಲುವೆಯ ದಡದಲ್ಲಿ ತಂಗುತ್ತದೆ. ಆಮೇಲೆ ಎರಡು ಮೆಟ್ಟಿಲುಗಳು ಕಾಲುವೆಯ ಕಡೆಗೆ ಬಾಯಿ ತೆರೆದಂತೆ ವಾಲಬೇಕು, ಅನಂತರ ಅವುಗಳ ನಡುವಿನ ಅಂತರ ಹಿಗ್ಗಬೇಕು. ಸಾಮಾನ್ಯವಾಗಿ ಆ ಅಂತರ 0.34 ನ್ಯಾನೋಮೀಟರ್. ಅಣು ಕೂರಲು ಅದು ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. ಹೀಗೆ ಬಾಯಿ ತೆರೆಯುವ ಹೊತ್ತಿನಲ್ಲಿ ಕಾಲುವೆಯ ನೀರು ತಾನು ಹಿಡಿದ ಕೈಗಳನ್ನು ಬಿಟ್ಟು ಬೇರೆ ಕೈ ಹಿಡಿಯುತ್ತದೆ. ಮತ್ತೆ ನೀರು.

ಅವರ ಲೆಕ್ಕದಲ್ಲಿ ಬಂದ ಹಿಡಿತದ ಶಕ್ತಿ, ಮೋಲ್ ಒಂದಕ್ಕೆ, ಮೈನಸ್ 12.3 ಕಿಲೊಕ್ಯಾಲೊರಿ. ಪ್ರಯೋಗಶಾಲೆಯ ಅಂದಾಜು ಮೈನಸ್ 9.4. ಇದನ್ನು ಅವರು ತಕ್ಕಮಟ್ಟಿನ ಹೊಂದಾಣಿಕೆ ಎನ್ನುತ್ತಾರೆ. ನಮ್ಮ ಶಾಖೆಯಲ್ಲಿ ಹೀಗೆ ತಾಳೆ ಹಾಕಿದ್ದರೆ ಸಂಜೆಯೊಳಗೆ ಮೆಮೊ ಬರುತ್ತಿತ್ತು. ಮೂರು ಎಂದರೆ ಚಿಲ್ಲರೆಯೂ ಅಲ್ಲ. ಈ ಲೋಕದ ಗಣಿತದಲ್ಲಿ ಅಷ್ಟು ವ್ಯತ್ಯಾಸವೆಂದರೆ ಹಿಡಿತದ ಬಲದಲ್ಲಿ ನೂರು ಪಟ್ಟಿಗೂ ಮಿಗಿಲು. “ಇಷ್ಟು ತಪ್ಪಿದ್ರೂ ನಂಬ್ತೀರಾ?” ಎಂದೆ. “ದಾರಿ ನಂಬ್ತೀವಿ ಮಾವ, ಅಂಕಿನ ಅನುಮಾನಿಸ್ತೀವಿ” ಎಂದಳು. ಆಮೇಲೆ ತಾನಾಗಿಯೇ ಸೇರಿಸಿದಳು: ಅವಳು ದಿನಾ ಬಳಸುವ ನೀರಿನ ಅಣು ನಿಜವಾದ ನೀರಲ್ಲ, ಮೂರು ಚುಕ್ಕಿಯ ಗಟ್ಟಿ ಗೊಂಬೆ, ಬಾಗುವುದಿಲ್ಲ, ಅದರ ಚುಕ್ಕಿಗಳ ವಿದ್ಯುತ್ತೂ ಬದಲಾಗುವುದಿಲ್ಲ. 1983ರಲ್ಲಿ ಯಾರೋ ಇಟ್ಟ ರಂಗೋಲಿ, ಇವತ್ತಿಗೂ ಅದರ ಮೇಲೇ ಗೆರೆ ಎಳೆಯುತ್ತಿದ್ದಾರೆ. ಅಷ್ಟು ಒರಟು ನೀರಿನಲ್ಲೂ ದಾರಿ ಸುಮಾರಾಗಿ ಸರಿ ಕಾಣುತ್ತದೆ ಎಂಬುದು ನನಗೆ ತಪ್ಪಿಗಿಂತ ದೊಡ್ಡ ಅಚ್ಚರಿ.

ಅಕ್ಕ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಕಾಳಿನ ಬಟ್ಟಲು ಮುಗಿದಿತ್ತು, ಸಿಪ್ಪೆಯ ರಾಶಿಯನ್ನು ಒಂದು ಕಡೆಗೆ ಒತ್ತಿ ಕೂತಿದ್ದಳು. ಮಗಳು ಅವತ್ತು ಆಸ್ಪತ್ರೆಯಲ್ಲಿ ನುಂಗಿಕೊಂಡ ಉತ್ತರವನ್ನು ಆಗ ಹೇಳಿದಳು. ಅದಕ್ಕೆ ಏನೂ ಗೊತ್ತಾಗಲ್ಲಮ್ಮ, ಎಲ್ಲ ಕಡೆ ಹೋಗುತ್ತೆ, ಎಲ್ಲ ಕಡೆ ಅಂಟುತ್ತೆ, ಬೇಗ ಬೇಗ ಬೆಳೆಯೋ ಕೋಶಕ್ಕೆ ಏಟು ಜಾಸ್ತಿ ಬೀಳುತ್ತೆ, ಅಷ್ಟೇ.

“ಗೊತ್ತಿಲ್ದೇನೇ ಇಷ್ಟು ಕೆಲಸ ಮಾಡ್ತಾ?” ಎಂದಳು ಅಕ್ಕ. ಬೇಸರವಿರಲಿಲ್ಲ ದನಿಯಲ್ಲಿ. ಕರು ಹುಟ್ಟಿದ ಅರ್ಧ ಗಂಟೆಯಲ್ಲಿ ಎದ್ದು ಕೆಚ್ಚಲು ಹುಡುಕುವುದನ್ನು ನೋಡಿ ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ ಲ್ಯಾಪ್‌ಟಾಪಿನ ಕಡೆ ತಿರುಗಿ, “ಆ ನೀರು ತೋರಿಸೇ ಇನ್ನೊಂದ್ಸಲ” ಎಂದಳು.

ಹುಡುಗಿ ಗುಂಡಿ ಒತ್ತಿದಳು. ಕೆಂಪು-ಬಿಳಿ ಚುಕ್ಕಿಗಳು ತೆರೆ ತುಂಬಿದವು. ಅಕ್ಕ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು.

ಚಿಕಿತ್ಸೆ ಮುಗಿದು ಎರಡು ವರ್ಷವಾಯಿತು. ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾಳೆ, ಅದೇ ರೈಲು, ಅದೇ ನುಗ್ಗೆಕಾಯಿ. ಕೂದಲು ಮತ್ತೆ ಬಂದಿದೆ. ಮೊದಲು ನೀಳವಾಗಿತ್ತು, ಈಗ ಗುಂಗುರು.